ಸಂಘದ ಜಾಲ, ಸಂಘದ ಕರಾರು

ನಮ್ಮ ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಠರಾವು ಪುಸ್ತಕದಲ್ಲಿ ಸಾಲದ ಅರ್ಜಿ, ಮರುಪಾವತಿ, ತೊಗರಿ ಬೀಜದ ಖರೀದಿ ಇಂಥ ವಿಷಯಗಳ ನಡುವೆ ‘ಸದಸ್ಯರ ದನಿ ಮುದ್ರಣಗಳನ್ನು ಯಾರಿಗೆ, ಯಾವ ಕರಾರಿನ ಮೇಲೆ ಕೊಡಬೇಕು’ ಎಂಬ ತಲೆಬರಹದ ಒಂದು ಠರಾವು ಇದೆ. ಚಿಂಚೋಳಿ ತಾಲ್ಲೂಕಿನ ಒಂದು ಮೂಲೆಯ ಪಂಚಾಯಿತಿಯಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿಯಾಗಿರುವ ನಾನೇ ಅದನ್ನು ಬರೆದವಳು. ಅದನ್ನು ಬರೆಯುವ ಹೊತ್ತಿಗೆ ನಮ್ಮಲ್ಲಿ ಒಂದು ಚಿಕ್ಕ ನಿಸ್ತಂತು ಜಾಲವೂ, ಒಕ್ಕೂಟದ ಕೋಣೆಯ ಕಪಾಟಿನಲ್ಲಿ ಅಂಗೈಯಗಲದ ಒಂದು ಕಂಪ್ಯೂಟರೂ ಬಂದಿದ್ದವು. ನೋಡಲು ಬಂದವರು ಸಾಮಾನ್ಯವಾಗಿ ಕೇಳುವುದು ಕಂಬದ ಎತ್ತರ, ರೌಟರಿನ ಬೆಲೆ, ಸಿಗ್ನಲ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು. ಅವುಗಳ ಬಗ್ಗೆಯೂ ಬರೆಯುತ್ತೇನೆ. ಆದರೆ ಕಂಬ ನಿಲ್ಲಿಸಿದ್ದಕ್ಕಿಂತ ಆ ಒಂದು ಪುಟ ಬರೆಯುವುದಕ್ಕೇ ನಮಗೆ ಹೆಚ್ಚು ಕಾಲ ಹಿಡಿಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪನಿಗಳಿಗೆ ಪರ್ಯಾಯ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದೂ ಆ ಪುಟವನ್ನೇ.

ಚಿಂಚೋಳಿ ಎಂದರೆ ಕಲಬುರಗಿ ಜಿಲ್ಲೆಯ ಉಳಿದವರಿಗೂ ಸ್ವಲ್ಪ ಬೇರೆಯೇ ಸೀಮೆ. ಕರಿಮಣ್ಣಿನ ತೊಗರಿ ಹೊಲಗಳು ಮುಗಿದು ಕೆಂಪು ಮಣ್ಣಿನ ಗುಡ್ಡಗಳು, ವನ್ಯಧಾಮದ ಕಾಡು, ಅದರಾಚೆ ತೆಲಂಗಾಣದ ಗಡಿ ಶುರುವಾಗುತ್ತವೆ. ಗುಡ್ಡದ ಮಗ್ಗುಲಲ್ಲಿ ಲಂಬಾಣಿ ತಾಂಡಾಗಳಿವೆ. ಮೊಬೈಲ್ ಸಿಗ್ನಲ್ ಊರ ಅಗಸಿಯ ತನಕ ಬಂದು ತಾಂಡಾದ ಇಳಿಜಾರಿನಲ್ಲಿ ಕಡಿದುಹೋಗುತ್ತದೆ. ಸಂಘಗಳ ಲೆಕ್ಕವನ್ನೆಲ್ಲ ಈಗ ಸರ್ಕಾರದ ಲೋಕೋಸ್ ಆ್ಯಪ್‌ನಲ್ಲಿ ತುಂಬಬೇಕಾಗಿರುವುದರಿಂದ, ತಾಂಡಾದ ಸಂಘದ ಸಭೆ ಮುಗಿಸಿ ಊರಿಗೆ ಬಂದು, ಸಿಗ್ನಲ್ ಸಿಗುವ ಕಟ್ಟೆಯ ಮೇಲೆ ಕೂತು ದಾಖಲಿಸುವುದು ನನಗೂ ನನ್ನಂಥವರಿಗೂ ರೂಢಿಯಾಗಿತ್ತು. 2011ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ ಮುಂದೆ ಭಾರತ್‌ನೆಟ್ ಆದ ಯೋಜನೆಯ ಉದ್ದೇಶ ಪಂಚಾಯಿತಿ ಕಚೇರಿಗಳ ತನಕ ಫೈಬರ್ ತರುವುದು. ಕಚೇರಿಯಿಂದ ಓಣಿಗೆ, ಓಣಿಯಿಂದ ತಾಂಡಾಕ್ಕೆ ಹೋಗುವ ಕೊನೆಯ ತುಂಡು ಯಾರದು ಎಂಬ ಪ್ರಶ್ನೆ ಹಾಗೆಯೇ ಇತ್ತು.

ಇದರ ಜೊತೆಗೆ ಇನ್ನೊಂದು ಕೆಲಸ ತನ್ನಷ್ಟಕ್ಕೆ ತಾನೇ ಬೆಳೆದಿತ್ತು. ರೈತ ಮಹಿಳೆಯರಿಗೆ ಬೇಸಾಯದ ಸಲಹೆ ಕೊಡುವ ನಮ್ಮ ಕೃಷಿ ಸಖಿ ಹಿರಿಯ ಹೆಣ್ಣುಮಕ್ಕಳ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದಳು. ಅಕ್ಕಡಿ ಸಾಲಿನಲ್ಲಿ ತೊಗರಿಯ ಜೊತೆ ಏನೇನು ಹಾಕಬೇಕು, ಬೀಜಕ್ಕೆ ಬೂದಿ ಮತ್ತು ಬೇವಿನ ಎಲೆ ಬೆರೆಸುವ ಅಳತೆ ಯಾವುದು, ಹಗೇವಿಗೆ (ನೆಲದೊಳಗಿನ ಕಣಜಕ್ಕೆ) ಜೋಳ ತುಂಬುವ ಮುಂಚೆ ಒಳಗೋಡೆಗೆ ಏನು ಕೊಡಬೇಕು ಎಂಬುದೆಲ್ಲ ಅದರಲ್ಲಿತ್ತು. ತಾಂಡಾದ ಹುಡುಗಿಯೊಬ್ಬಳು ತನ್ನ ಅಜ್ಜಿ ಲಂಬಾಣಿಗರ ಮಾತಾದ ಗೋರ್‌ಬೋಲಿಯಲ್ಲಿ ಹೇಳಿದ ಕಥೆಗಳನ್ನೂ ತೀಜ್ ಹಬ್ಬದ ಹಾಡುಗಳನ್ನೂ ಕೂಡಿಸಿದ್ದಳು. ಫೋನು ತುಂಬಿದಾಗ ಅಳಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಮತ್ತೆ ಸಿಗದಿರುವುದು ನಡೆದೇ ಇತ್ತು. ಆಗ ಅದಕ್ಕೊಂದು ಬೆಲೆಯಿದೆ ಎಂದು ನಮಗೆ ಅನಿಸಿರಲಿಲ್ಲ.

ಬೆಲೆಯ ಮಾತು ಎತ್ತಿದವನು ಹೊರಗಿನಿಂದ ಬಂದ ಒಬ್ಬ ಹುಡುಗ. ದನಿ ಸಂಗ್ರಹಿಸಿಕೊಡುವ ಗುತ್ತಿಗೆದಾರರ ಕೈಕೆಳಗಿನ ಗುತ್ತಿಗೆದಾರರ ಕಡೆಯವನು. ಕಟ್ಟಕಡೆಗೆ ದನಿ ಹೋಗುವುದು ಯಾವ ಕಂಪನಿಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು, ಅದು ತೋರಿಸಿದ ವಾಕ್ಯ ಓದಬೇಕು, ಇಲ್ಲವೇ ಚಿತ್ರ ನೋಡಿ ನಮ್ಮೂರ ಮಾತಿನಲ್ಲೇ ವಿವರಿಸಬೇಕು. ನಿಮಿಷಕ್ಕೆ ಇಷ್ಟು ಎಂದು ದುಡ್ಡು ಖಾತೆಗೆ ಬರುತ್ತದೆ. ಕಳೆ ತೆಗೆಯುವ ಕೂಲಿಗಿಂತ ಅದು ಹಗುರ ಎಂದು ಹೆಣ್ಣುಮಕ್ಕಳಿಗೆ ಅನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಒಪ್ಪಿಗೆಯ ಪುಟ ಇಂಗ್ಲಿಷಿನಲ್ಲಿತ್ತು. ಸಭೆಯಲ್ಲಿ ಓದಿ ಹೇಳು ಎಂದಾಗ ಅವನಿಂದ ಆಗಲಿಲ್ಲ. ನಮ್ಮೂರಿನ ಎಂಜಿನಿಯರಿಂಗ್ ಓದಿದ ಹುಡುಗ ಓದಿ ಹೇಳಿದ. ಮುದ್ರಣವನ್ನು ಜಗತ್ತಿನ ಎಲ್ಲಿಯಾದರೂ, ಯಾವ ಕೆಲಸಕ್ಕಾದರೂ, ಎಂದೆಂದಿಗೂ ಬಳಸಬಹುದು. ಬೇರೆಯವರಿಗೆ ಮಾರಬಹುದು, ದಾಟಿಸಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ.

“ತಮ್ಮಾ, ನಾ ಮಾತಾಡಿದ್ದು ಆಮ್ಯಾಲ ಬ್ಯಾಡ ಅನ್ಸಿದ್ರ ಅಳಿಸಿಕೊಡ್ತಾರೇನು?” ಎಂದು ಒಬ್ಬ ಹಿರಿಯಳು ಕೇಳಿದಳು.

“ಅದು ಆಗಲ್ಲ ಆಯಿ, ಒಮ್ಮಿ ಅಪ್‌ಲೋಡ್ ಆದ್ರ ಮುಗೀತು.”

“ಮತ್ತ ಅದರಿಂದ ಅವರಿಗಿ ರೊಕ್ಕ ಬಂದ್ರ ನಮಗೇನರ ಬರ್ತದ?”

“ನಿಮಗ ನಿಮಿಷದ ಲೆಕ್ಕ ಕೊಡ್ತೀವಲ್ರಿ.”

ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಹಗೇವು ತೆಗೆದಾಗ ಯಾರ ಜ್ವಾಳ ಎಷ್ಟು ಚೀಲ ಅಂತ ಬರಕೊಳ್ತಿದ್ರಪ್ಪ, ಇದಕ್ಕ ಆ ಲೆಕ್ಕ ಸುದ್ದಾ ಇಲ್ಲೇನು?” ಎಂದಳು. ಒಕ್ಕೂಟ ಯಾರನ್ನೂ ತಡೆಯಲಿಲ್ಲ. ಕೆಲವರು ಓದಿ ದುಡ್ಡು ಪಡೆದರು. ಆದರೆ ಕೃಷಿ ಸಖಿಯ ಹಳೆಯ ಮುದ್ರಣಗಳನ್ನು ಒಟ್ಟಾಗಿ ಕೊಟ್ಟರೆ ಹೆಚ್ಚಿನ ದುಡ್ಡು ಎಂದು ಅವನು ಹೇಳಿದಾಗ, ಅದು ಒಬ್ಬರ ಸೊತ್ತಲ್ಲ, ಒಬ್ಬರು ಸಹಿ ಹಾಕಿ ಕೊಡಲು ಬರುವುದಿಲ್ಲ ಎಂದು ಸಭೆ ಹೇಳಿತು. ಹಾಗಾದರೆ ಯಾರ ಸೊತ್ತು, ಯಾರು ಸಹಿ ಹಾಕಬೇಕು ಎಂಬುದಕ್ಕೆ ಆ ದಿನ ಯಾರ ಬಳಿಯೂ ಉತ್ತರ ಇರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ದನಿ ಕೊಂಡುಕೊಳ್ಳುವವರೆಲ್ಲ ಒಂದೇ ತರಹದವರಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲೇ ಕನ್ನಡ ದನಿ ಸಂಗ್ರಹಿಸುವಾಗ ಸಾಮಾನ್ಯ ಕೂಲಿಗಿಂತ ಬಹಳ ಹೆಚ್ಚು ದರ ಕೊಡುವುದನ್ನೂ, ದತ್ತಾಂಶ ಮತ್ತೆ ಮಾರಾಟವಾದಾಗ ಅದರ ಪಾಲು ಮಾತಾಡಿದವರಿಗೇ ತಲುಪಬೇಕೆಂಬುದನ್ನೂ ನಿಯಮವಾಗಿ ಇಟ್ಟುಕೊಂಡಿದೆ. ಇನ್ನೊಂದು ತುದಿಯಲ್ಲಿ, ಚಾಟ್‌ಜಿಪಿಟಿಗಾಗಿ ಹಿಂಸೆಯ ಬರಹಗಳನ್ನು ಓದಿ ವಿಂಗಡಿಸಿಕೊಟ್ಟ ಕೀನ್ಯಾದ ಕೆಲಸಗಾರರಿಗೆ ಗಂಟೆಗೆ 2 ಡಾಲರಿಗಿಂತ ಕಡಿಮೆ ಸಿಕ್ಕಿತ್ತೆಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ದರ ಮುಖ್ಯವೇ. ನಮ್ಮ ಸಭೆಯಲ್ಲಿ ಎದ್ದ ಪ್ರಶ್ನೆ ಮಾತ್ರ ದರದ್ದಲ್ಲ, ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು.

ಉತ್ತರದ ಎಳೆ ಸಿಕ್ಕಿದ್ದು ಪಕ್ಕದಲ್ಲೇ. ಗಡಿಯಾಚೆ ಜಹೀರಾಬಾದಿನ ಹತ್ತಿರ ಮಾಚನೂರು ಎಂಬ ಹಳ್ಳಿಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ದಲಿತ ಮಹಿಳೆಯರು ನಡೆಸುವ ಸಂಘಂ ರೇಡಿಯೊ ಇದೆ. ತರಂಗಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಹಳ್ಳಿಯ ಸಂಘಗಳಿಗೆ ರೇಡಿಯೊ ನಡೆಸುವ ಅವಕಾಶ ಸಿಕ್ಕಿದ್ದು 2006ರ ನೀತಿಯಿಂದ. ಸಂಘಂ ರೇಡಿಯೊ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು. ಪರವಾನಗಿ ಬರುವ ಮುಂಚಿನ ವರ್ಷಗಳಲ್ಲಿಯೂ ಅಲ್ಲಿನವರು ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಸಂಘಗಳ ಸಭೆಯಲ್ಲಿ ಕೇಳಿಸುತ್ತಿದ್ದರು. ಒಕ್ಕೂಟದ ಕೆಲವರು ಹೋಗಿ ನೋಡಿ ಬಂದೆವು. ಅಲ್ಲಿಂದ ನಾವು ತಂದುಕೊಂಡ ವಿಚಾರ ಸರಳ: ಯಂತ್ರ ಯಾವುದೇ ಇರಲಿ, ಅದು ಸಂಘದ ಕೋಣೆಯಲ್ಲಿರಬೇಕು, ಕೀಲಿ ಸಂಘದ ಹತ್ತಿರ ಇರಬೇಕು. ನಮಗೆ ರೇಡಿಯೊ ಬೇಕಿರಲಿಲ್ಲ. ತಾಂಡಾಕ್ಕೆ ಸಂಪರ್ಕ ಬೇಕಿತ್ತು, ಮುದ್ರಣಗಳಿಗೆ ಜಾಗ ಬೇಕಿತ್ತು. ಎರಡನ್ನೂ ಒಂದೇ ಜಾಲದಿಂದ ಮಾಡಬಹುದು ಎಂದವನು ಆ ಎಂಜಿನಿಯರಿಂಗ್ ಹುಡುಗ. ಇಂಥ ಜಾಲ ಕಟ್ಟಿ ಅನುಭವವಿದ್ದ ಬೆಂಗಳೂರಿನ ಅವನ ಗೆಳೆಯನೊಬ್ಬ ಬಂದು ಉಳಿದು ಕಲಿಸಿದ.

ಮೊದಲು ಕಾನೂನಿನ ಭಯ ಕಳೆಯಬೇಕಿತ್ತು, ಏಕೆಂದರೆ ಆಂಟೆನಾ ಎಂದ ಕೂಡಲೇ ಪೊಲೀಸರು ಬರುತ್ತಾರೆ ಎನ್ನುವವರು ನಮ್ಮಲ್ಲಿ ಬಹಳ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲೇ ಪರವಾನಗಿಯಿಂದ ಮುಕ್ತಗೊಳಿಸಿದೆ. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು ಬಯಲಿನಲ್ಲಿಯೂ ಬಳಸಬಹುದೆಂದು 2018ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಶಕ್ತಿಯ ಮಿತಿ ಮೀರದ, ಪ್ರಮಾಣಿತ ಉಪಕರಣವಾದರೆ ಸಾಕು. ಊರೊಳಗಿನ ಮುದ್ರಣ, ಪುಸ್ತಕ, ಪಾಠಗಳನ್ನು ಹಂಚಿಕೊಳ್ಳಲು ಹೊರಗಿನ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಇಂಟರ್‌ನೆಟ್ಟನ್ನು ಹಂಚುವುದಕ್ಕೆ ಮಾತ್ರ ದಾರಿ ಹುಡುಕಬೇಕಾಯಿತು, ಅದು 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಸಾರ್ವಜನಿಕ ವೈಫೈಯ ಪಿಎಂ-ವಾಣಿ ಯೋಜನೆಯಲ್ಲಿ ಸಿಕ್ಕಿತು. ಅದರ ಪ್ರಕಾರ ಚಹಾದಂಗಡಿಯವನಾಗಲಿ, ಸಂಘವಾಗಲಿ ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ‘ಪಬ್ಲಿಕ್ ಡೇಟಾ ಆಫೀಸ್’, ಅಂದರೆ ಊರವರಿಗೆ ವೈಫೈ ಕೊಡುವ ಕೇಂದ್ರ, ಆಗಬಹುದು. ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡ, ಇಂಥ ಕೇಂದ್ರಗಳನ್ನು ಒಟ್ಟುಗೂಡಿಸಿ ನೋಡಿಕೊಳ್ಳುವ ಒಬ್ಬ ಸಂಗ್ರಾಹಕರ (ಅಗ್ರಿಗೇಟರ್) ಮೂಲಕ ಹೋಗಬೇಕು, ಬಳಸುವವರು ಒಟಿಪಿ ಕೊಟ್ಟು ಒಳಬರಬೇಕು. ಪಬ್ಲಿಕ್ ಡೇಟಾ ಆಫೀಸಿನ ಸಂಕ್ಷಿಪ್ತ ಹೆಸರೂ ಪಿಡಿಒ ಆಗಿದ್ದರಿಂದ ನಮ್ಮ ಅರ್ಜಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೇಜಿನ ಮೇಲೆ ಕೆಲಕಾಲ ಸುಮ್ಮನೆ ಕೂತಿತ್ತು ಎಂಬುದು ಬೇರೆ ಕಥೆ. ಇಂಥ ಪಿಡಿಒಗಳಿಂದ ಕಂಪನಿಗಳು ದುಬಾರಿ ವ್ಯಾಪಾರಿ ದರ ಕೇಳುತ್ತಿದ್ದ ಕಾರಣ, 200 ಎಂಬಿಪಿಎಸ್ ತನಕದ ಮನೆ ಬಳಕೆಯ ಫೈಬರ್ ಯೋಜನೆಗಳನ್ನು ಅವರಿಗೆ ಹೆಚ್ಚೆಂದರೆ ಎರಡು ಪಟ್ಟು ದರಕ್ಕೆ ಕೊಡಬೇಕೆಂದು 2025ರ ಜೂನಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆದೇಶಿಸಿತು.

ಮುಂದಿನದು ಜಾಗ ಹುಡುಕುವ ಕೆಲಸ. 5 ಗಿಗಾಹರ್ಟ್ಸ್ ಕೊಂಡಿಗೆ ಒಂದು ಆಂಟೆನಾ ಇನ್ನೊಂದಕ್ಕೆ ಕಣ್ಣಿಗೆ ಕಾಣುವಂತಿರಬೇಕು. ಪಂಚಾಯಿತಿಯ ನೀರಿನ ಟ್ಯಾಂಕಿನ ಮೇಲಿಂದ ತಾಂಡಾ ಕಾಣುವುದಿಲ್ಲ, ನಡುವೆ ಗುಡ್ಡದ ಮೂಗು ಅಡ್ಡ ಬರುತ್ತದೆ. ಹಾಗಾಗಿ ನಡುವೆ ಒಂದು ಕಂಬ ಬೇಕೇ ಬೇಕು. ಅದಕ್ಕೆ ಹೇಳಿಮಾಡಿಸಿದ ಜಾಗ ಊರಿನ ದೊಡ್ಡ ಹೊಲದ ಮನೆತನದವರ ಮಾಳಿಗೆ. ಅವರು ಬಾಡಿಗೆ ಬೇಡ, ಕರೆಂಟೂ ಕೊಡುತ್ತೇವೆ ಎಂದರು. ಸಭೆಯಲ್ಲಿ ದಲಿತರ ಓಣಿಯ ಸಂಘದ ಪ್ರತಿನಿಧಿ ಎದ್ದು, “ಕೆಟ್ಟಾಗ ರಿಪೇರಿ ಮಾಡ್ಲಾಕ ನಾವೂ ಕಲೀಲಾಕತ್ತೀವಿ. ಅವರ ಪಡಸಾಲಿ ದಾಟಿ ಮಾಳಗಿ ಏರ್ಲಾಕ ನಮಗ ಬಿಡ್ತಾರೇನ್ರಿ ಅಕ್ಕಾರ?” ಎಂದು ಕೇಳಿದಳು. ಬಿಡುತ್ತಾರೆ ಎಂದು ಖಚಿತವಾಗಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ನಡುವಿನ ಕಂಬ ಅಂಬೇಡ್ಕರ್ ಭವನದ ಮೇಲೆ ನಿಂತಿತು. ಅಲ್ಲಿಂದ ನೋಟ ಅಷ್ಟು ಸ್ವಚ್ಛವಲ್ಲ. ಒಂದು ಬೇವಿನ ಮರ ಸ್ವಲ್ಪ ಅಡ್ಡ ಬರುತ್ತದೆ, ಮಳೆಗೆ ನೆನೆದ ಎಲೆ ಸಿಗ್ನಲನ್ನು ಹೀರಿಕೊಳ್ಳುತ್ತದೆ. ಅದಕ್ಕಾಗಿ ಪೈಪನ್ನು ಇನ್ನಷ್ಟು ಎತ್ತರಿಸಿ, ಮೂರು ಕಡೆ ತಂತಿ ಬಿಗಿದು ಗಾಳಿಗೆ ತಡೆ ಕೊಡಬೇಕಾಯಿತು. ಖರ್ಚು ಹೆಚ್ಚಾಯಿತು. ತಾಂತ್ರಿಕವಾಗಿ ಎರಡನೆಯ ದರ್ಜೆಯ ಆಯ್ಕೆಯಾದರೂ ಇಡೀ ಕೆಲಸದಲ್ಲಿ ನಾವು ಮಾಡಿದ ಅತ್ಯಂತ ಸರಿಯಾದ ತೀರ್ಮಾನ ಅದು ಎಂಬುದು ನನ್ನ ಅಭಿಪ್ರಾಯ.

ಕಂಬದ ಬುಡದಲ್ಲಿ ಅರ್ಥಿಂಗ್ ಗುಂಡಿ ತೆಗೆದದ್ದು ತಾಂಡಾದ ಆ ಹುಡುಗಿ ಮತ್ತು ಅವಳ ಗೆಳತಿಯರು. ಕೆಳಗೆ ಪರ್ಸಿ ಕಲ್ಲಿನ (ಹಾಸುಗಲ್ಲಿನ) ಪದರ ಸಿಕ್ಕು ಹಾರೆ ಪುಟಿಯತೊಡಗಿದಾಗ ಗುಂಡಿಯನ್ನು ಪಕ್ಕಕ್ಕೆ ಸರಿಸಿದರು. ಪೈಪು ಇಳಿಸಿ, ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು ಎಂದು ತುಂಬಿ ನೀರು ಹೊಯ್ದು ತುಳಿದರು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಬೇಕು. ಮಣ್ಣು ಒಣಗಿದರೆ ಸಿಡಿಲು ನೆಲಕ್ಕಿಳಿಯುವ ದಾರಿ ಕೆಡುತ್ತದೆ. ರೌಟರುಗಳಲ್ಲಿ ಹಾಕಿದ್ದು ಲಿಬ್ರೆಮೆಶ್ ಎಂಬ ತೆರೆದ ತಂತ್ರಾಂಶ; ಓಪನ್‌ಡಬ್ಲ್ಯುಆರ್‌ಟಿಯ ಮೇಲೆ ಕಟ್ಟಿದ್ದು, ಜಗತ್ತಿನ ಸಮುದಾಯ ಜಾಲದವರು ಸೇರಿ ರೂಪಿಸಿದ್ದು. ಒಂದು ಕಂಬ ಕೆಟ್ಟರೆ ಸಂದೇಶ ತಾನಾಗಿಯೇ ಬೇರೆ ಕಂಬದ ದಾರಿ ಹಿಡಿಯುತ್ತದೆ ಎಂಬುದು ಅದರ ಹೆಗ್ಗಳಿಕೆ. ನಮ್ಮಲ್ಲಿ ಕಂಬಗಳೇ ಕಡಿಮೆ, ಬೇರೆ ದಾರಿ ಎಲ್ಲಿಂದ ಬರಬೇಕು? ಭವನದ ಮೇಲಿನ ಪೆಟ್ಟಿಗೆ ಸುಸ್ತಾದರೆ ತಾಂಡಾ ಕತ್ತಲಾಗುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಬಿಸಿಲು 43 ಡಿಗ್ರಿ ದಾಟಿದಾಗ ಅದು ಸುಸ್ತಾಗುತ್ತಲೇ ಇತ್ತು. ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ಗಾಳಿ ಆಡಲು ನಾಲ್ಕು ಬೆರಳು ಸಂದು ಬಿಟ್ಟು ಮೇಲೊಂದು ಮಾಡು ಕಟ್ಟಿದ ಮೇಲೆ ನಿಂತಿತು.

ಕಪಾಟಿನ ಕಂಪ್ಯೂಟರ್ ಎಂದರೆ ಒಂದು ರಾಸ್ಪ್‌ಬೆರಿ ಪೈ ಮತ್ತು ಒಂದು ಹಾರ್ಡ್‌ಡಿಸ್ಕ್, ಸೋಲಾರ್ ಪ್ಲೇಟಿನ ಬ್ಯಾಟರಿಯ ಮೇಲೆ ನಡೆಯುತ್ತವೆ. ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯ ಇಂಟರ್‌ನೆಟ್ ಇಲ್ಲದೆಯೂ ತೆರೆಯುತ್ತದೆ. ಹೈಸ್ಕೂಲಿನ ಮಕ್ಕಳು ಹೆಚ್ಚಾಗಿ ಬಳಸುವುದು ಅದನ್ನೇ. ಉಳಿದ ಜಾಗ ಮುದ್ರಣಗಳದು.

ಈಗ ಠರಾವಿನ ವಿಷಯ. ಮುದ್ರಣಗಳನ್ನು ಯೂಟ್ಯೂಬಿಗೆ ಹಾಕಿದರೆ ಖರ್ಚಿಲ್ಲ, ಕಾಯುವ ಕೆಲಸವಿಲ್ಲ, ಎಲ್ಲರಿಗೂ ಸಿಗುತ್ತದೆ ಎಂದು ಹೇಳಿದವರಿದ್ದರು, ಮಾತಿನಲ್ಲಿ ಹುರುಳಿತ್ತು. ಅದಕ್ಕೆ ಉತ್ತರ ಕಾಯ್ದೆಯಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು ಕೊಟ್ಟದ್ದಾಗಿರಬೇಕು; ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಆದರೆ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ದತ್ತಾಂಶಕ್ಕೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಅಂದರೆ ಅಜ್ಜಿ ತನ್ನ ಕಥೆಯನ್ನು ತಾನೇ ಎಲ್ಲರಿಗೂ ಕಾಣುವ ಕಡೆ ಹಾಕಿದಳೋ, ಅದನ್ನು ಬಾಚಿಕೊಂಡು ಯಂತ್ರಕ್ಕೆ ಉಣಿಸಿದವರನ್ನು ಈ ಕಾಯ್ದೆ ಹಿಡಿದು ಕೇಳಲು ಬರುವುದಿಲ್ಲ. ಇದರ ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರಿನಲ್ಲಿ. ಕಂಪನಿಗಳ ಹೊಣೆಗಳಲ್ಲಿ ಬಹುಪಾಲು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವಿದೆ. ಹಾಗಾಗಿ ಊರೊಳಗಿನ ಪೆಟ್ಟಿಗೆಯಲ್ಲಿಡುವುದು ನಮಗೆ ಹಟದ ಮಾತಾಗಿರಲಿಲ್ಲ, ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕನ್ನು ಉಳಿಸಿಕೊಳ್ಳುವ ಉಪಾಯವಾಗಿತ್ತು.

ಕಾಯ್ದೆಯಲ್ಲಿ ಇನ್ನೆರಡು ಕೊರತೆಗಳು ನಮಗೆ ಎದುರಾದವು. ಒಪ್ಪಿಗೆಯ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಕೇಳಿ ಪಡೆಯಬಹುದು. ಗೋರ್‌ಬೋಲಿ ಆ ಪಟ್ಟಿಯಲ್ಲಿಲ್ಲ. ಎರಡನೆಯದು, ಕಾಯ್ದೆ ಮಾತಾಡುವುದು ಒಬ್ಬೊಬ್ಬ ವ್ಯಕ್ತಿಯ ಬಗ್ಗೆ. ತೀಜಿನ ಹಾಡು ಯಾವ ಒಬ್ಬಳದು? ಇದಕ್ಕೆ ನಮಗೆ ನೆರವಾದದ್ದು ನ್ಯೂಜಿಲೆಂಡಿನ ಕೈತಾಯಾ ಪಟ್ಟಣದ ಮಾವೊರಿ ರೇಡಿಯೊ ಸಂಸ್ಥೆ ತೆ ಹಿಕು ಮೀಡಿಯಾದ ಕಥೆ. ಅವರು 2018ರಲ್ಲಿ ತಮ್ಮ ಜನರನ್ನೇ ಕರೆದು, ಹತ್ತು ದಿನಗಳಲ್ಲಿ ಸುಮಾರು 2,500 ಮಂದಿಯಿಂದ 300ಕ್ಕೂ ಹೆಚ್ಚು ಗಂಟೆಗಳ ಮಾವೊರಿ ದನಿ ಸಂಗ್ರಹಿಸಿ, ಅದರಿಂದ ತಾವೇ ಮಾತನ್ನು ಬರಹಕ್ಕಿಳಿಸುವ ಯಂತ್ರ ತಯಾರಿಸಿದರು. ಹೊರಗಿನ ಕಂಪನಿಗಳು ದತ್ತಾಂಶ ಕೇಳಿದಾಗ ಕೊಡಲಿಲ್ಲ. ಅವರ ಪರವಾನಗಿಯಲ್ಲಿ ದನಿಗೆ ಮಾಲೀಕರಿಲ್ಲ, ಪಾಲಕರಿದ್ದಾರೆ. ಮಾವೊರಿ ಜನರಿಗೆ ಒಳಿತಾಗುವ ಬಳಕೆಗೆ ಮಾತ್ರ ಪಾಲಕರು ಒಪ್ಪುತ್ತಾರೆ. ಸಂಘದ ಉಳಿತಾಯದ ದುಡ್ಡಿಗೂ ನಾವು ಪಾಲಕರೇ ಆದ್ದರಿಂದ ನಮ್ಮ ಹೆಣ್ಣುಮಕ್ಕಳಿಗೆ ಅದು ತಟ್ಟನೆ ಅರ್ಥವಾಯಿತು.

ಬರೆದ ಠರಾವು ಹೀಗಿದೆ. ಬೇಸಾಯದ ಮಾತುಗಳನ್ನು ಜಾಲದೊಳಗೆ ಬಂದ ಯಾರೂ ಕೇಳಬಹುದು. ಸಾಲ, ಜಗಳ, ಗುಳೆ, ಕಾಯಿಲೆಯ ಮಾತು ಬಂದ ಮುದ್ರಣಗಳನ್ನು ಸಂಘದ ಸದಸ್ಯರು ಮಾತ್ರ ಕೇಳಬಹುದು. ತೀಜಿನ ಹಾಡು, ಮದುಮಗಳು ಅಳುತ್ತ ಹಾಡುವ ಢಾವಲೋ ಇವುಗಳ ತೀರ್ಮಾನ ತಾಂಡಾದ ಹೆಣ್ಣುಮಕ್ಕಳದು, ಒಕ್ಕೂಟದ್ದೂ ಅಲ್ಲ. ಒಪ್ಪಿಗೆಯನ್ನು ಅವರವರ ಮಾತಿನಲ್ಲಿ ಓದಿ ಹೇಳಿ, ಅವರ ಉತ್ತರವನ್ನೂ ದನಿಯಲ್ಲೇ ಮುದ್ರಿಸಬೇಕು. ಹೊರಗಿನವರು ಕೇಳಿದರೆ ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಬಂದ ಫಲದಲ್ಲಿ ಸಂಘಕ್ಕೆ ಏನು ಎಂದು ಬರೆದುಕೊಡಬೇಕು. ಯಾರ ದನಿಯೋ ಅವರು ಯಾವಾಗ ಬೇಕಾದರೂ ‘ತೆಗೆಯಿರಿ’ ಎನ್ನಬಹುದು, ಕಾರಣ ಹೇಳಬೇಕಿಲ್ಲ.

ಕೊನೆಯ ಸಾಲನ್ನು ಪರೀಕ್ಷಿಸುವ ಸಂದರ್ಭ ಬೇಗ ಬಂತು. ಬರಗಾಲದ ವರ್ಷ ಮುಂಬಯಿಗೆ ಗುಳೆ ಹೋದದ್ದನ್ನು ಹೇಳುತ್ತ ಒಬ್ಬಳು ಮುಂಗಡ ಕೊಟ್ಟ ಮುಕಾದಮನ (ಕೂಲಿಯಾಳು ಕರೆದೊಯ್ಯುವ ಮೇಸ್ತ್ರಿಯ) ಹೆಸರನ್ನೂ ಅವನು ಲೆಕ್ಕದಲ್ಲಿ ಮಾಡಿದ ಮೋಸವನ್ನೂ ಹೇಳಿದ್ದಳು. ಮುಂದೆ ಅವಳ ಮಗ ಅದೇ ಮುಕಾದಮನ ಕೈಕೆಳಗೆ ಕೆಲಸಕ್ಕೆ ನಿಂತ. ಅವಳು ಬಂದು ತೆಗೆಯಿರಿ ಎಂದಳು. ಕಪಾಟಿನ ಪೆಟ್ಟಿಗೆಯಿಂದ ತೆಗೆದೆವು, ಬ್ಯಾಕಪ್ ಡಿಸ್ಕಿನಿಂದ ತೆಗೆದೆವು, ಮುದ್ರಿಸಿದ ಹುಡುಗಿಯ ಫೋನಿನಲ್ಲಿದ್ದದ್ದನ್ನೂ ಅಳಿಸಿದೆವು. ಅವಳು ಪಕ್ಕದಲ್ಲೇ ಕೂತು ನೋಡಿದಳು. ಪ್ರತಿಗಳು ಎಲ್ಲೆಲ್ಲಿವೆ ಎಂದು ನಮಗೆ ಗೊತ್ತಿದ್ದರಿಂದ ಇದು ಸಾಧ್ಯವಾಯಿತು. ದನಿಯನ್ನು ಉಣಿಸಿ ಕೃತಕ ಬುದ್ಧಿಮತ್ತೆಯ ಒಂದು ದೊಡ್ಡ ಮಾದರಿಯನ್ನು ತರಬೇತುಗೊಳಿಸಿದ ಮೇಲೆ ಅದರೊಳಗಿಂದ ಒಬ್ಬಳ ಮಾತನ್ನು ಮಾತ್ರ ಬಿಡಿಸಿ ತೆಗೆಯುವುದು ತಜ್ಞರಿಗೂ ಬಲು ಕಷ್ಟದ ಕೆಲಸ.

ಕೃತಕ ಬುದ್ಧಿಮತ್ತೆಯನ್ನು ನಾವು ಮುಟ್ಟಲೇ ಇಲ್ಲವೆಂದಲ್ಲ. ಮುದ್ರಣಗಳಲ್ಲಿ ಬೇಕಾದ ಮಾತು ಹುಡುಕಲು ಅವನ್ನು ಬರಹಕ್ಕಿಳಿಸಬೇಕೆಂದು, ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಟ್ಟ ವಿಸ್ಪರ್ ಮಾದರಿಯನ್ನು ಆ ಎಂಜಿನಿಯರಿಂಗ್ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ, ಇಂಟರ್‌ನೆಟ್ ಇಲ್ಲದೆ ನಡೆಸಿ ನೋಡಿದ. ವಾರ್ತೆಯ ಕನ್ನಡಕ್ಕೆ ಅದು ಒಂದಿಷ್ಟು ಒಗ್ಗಿತು. ‘ಹೊಂಟೀನಿ’, ‘ಮಾಡ್ಲಾಕತ್ತಾಳ’ ಬಂದ ಕಡೆ ಏನೇನೋ ಬರೆಯಿತು, ಗೋರ್‌ಬೋಲಿಯನ್ನು ಹಿಂದಿಯಂತೆ ಕಾಣುವ ಏನನ್ನೋ ಮಾಡಿಟ್ಟಿತು. ಅಲ್ಲದೆ ಆ ಮಾದರಿ ಕಲಿತದ್ದು ಇಂಟರ್‌ನೆಟ್‌ನಿಂದ ಕೂಡಿಹಾಕಿದ 6,80,000 ಗಂಟೆಗಳ ದನಿಯಿಂದ. ಅದನ್ನು ಬಳಸುವಾಗ ನಮ್ಮ ಠರಾವಿನ ನಿಯಮವನ್ನು ಬೇರೆಯವರ ದನಿಗೆ ನಾವೇ ಮುರಿದಂತಾಗುವುದಿಲ್ಲವೇ ಎಂದು ಕೃಷಿ ಸಖಿ ಕೇಳಿದಳು. ಸಭೆ ಅದಕ್ಕೆ ಉತ್ತರ ಕಂಡುಕೊಂಡಿಲ್ಲ. ಸದ್ಯಕ್ಕೆ ಹುಡುಗಿಯರು ಪ್ರತಿ ಮುದ್ರಣ ಕೇಳಿ ಊರು, ಬೆಳೆ, ಹಂಗಾಮು, ವಿಷಯ ಎಂದು ಕೈಯಿಂದ ಸೂಚಿ ಬರೆಯುತ್ತಾರೆ. ಅದಕ್ಕೆ ಒಕ್ಕೂಟ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಡುತ್ತದೆ. ‘ತೊಗರಿಗೆ ಕಾಯಿಕೊರಕ ಬಿದ್ದಾಗ’ ಎಂದು ಹುಡುಕಿದರೆ ಸಿಗಬೇಕಾದವಳ ಮಾತು ಸಿಗುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಸುಮಾರು 415 ಟೆರಾವ್ಯಾಟ್-ಗಂಟೆ, ಅಂದರೆ ಒಟ್ಟು ಬಳಕೆಯ ಶೇ 1.5ರಷ್ಟು ವಿದ್ಯುತ್ ಬಳಸಿದವು. ನಮ್ಮ ಪೆಟ್ಟಿಗೆಯನ್ನು ಅದರ ಪಕ್ಕ ಇಟ್ಟು ಬೀಗುವುದು ನ್ಯಾಯವಲ್ಲ, ಅವು ಮಾಡುವ ಕೆಲಸವನ್ನು ಇದು ಮಾಡುವುದಿಲ್ಲ. ನಮಗೆ ಬೇಕಾದ ಕೆಲಸಕ್ಕೆ ಅಷ್ಟೆಲ್ಲ ಬೇಕಿರಲಿಲ್ಲ, ಅಷ್ಟೇ.

ಜಾಲದ ಮಿತಿಯನ್ನೂ ಹೇಳಬೇಕು. ಇದೇ ಜಾಲದಲ್ಲಿ ನಮ್ಮ ಹುಡುಗರು ರೀಲ್ಸ್ ನೋಡುತ್ತಾರೆ, ಹೆಣ್ಣುಮಕ್ಕಳು ವಾಟ್ಸ್‌ಆ್ಯಪ್ ಬಳಸುತ್ತಾರೆ. ಅಲ್ಲಿ ಕಂಪನಿಗಳು ಪಡೆಯುವುದನ್ನು ಪಡೆದೇ ಪಡೆಯುತ್ತವೆ. ಕಂಬ ನಮ್ಮದಾದ ಮಾತ್ರಕ್ಕೆ ಅದರ ಮೇಲೆ ಹರಿಯುವುದೆಲ್ಲ ನಮ್ಮದಾಗುವುದಿಲ್ಲ. ಸ್ಪೇನಿನ ಕೆಟಲೋನಿಯಾದಲ್ಲಿ 2004ರಲ್ಲಿ ಹಳ್ಳಿಗಳಿಂದ ಶುರುವಾಗಿ 35,000ಕ್ಕೂ ಹೆಚ್ಚು ಜಾಲದ ನೆಲೆಗಳಾಗಿ (ನೋಡ್) ಬೆಳೆದ ಗಿಫಿ.ನೆಟ್ ಜಾಲಕ್ಕೂ ಈ ಪ್ರಶ್ನೆ ಇದ್ದೇ ಇದೆ. ಅವರಿಂದ ನಾವು ಎರವಲು ಪಡೆದದ್ದು ಒಂದು ನಿಯಮ: ಜಾಲಕ್ಕೆ ಸೇರುವವರು ಬೇರೆಯವರ ಸಂದೇಶವನ್ನೂ ತಮ್ಮ ಪೆಟ್ಟಿಗೆಯ ಮೂಲಕ ಹಾಯಲು ಬಿಡಬೇಕು, ಜಾತಿ-ಓಣಿ ನೋಡಿ ತಡೆಯುವಂತಿಲ್ಲ. ಈ ನಿಯಮ ಓದಿ ಇಬ್ಬರು ಪೆಟ್ಟಿಗೆ ಬೇಡವೆಂದರು, ಬೇಡವೆಂದದ್ದನ್ನೂ ಠರಾವು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಇತ್ತೀಚೆಗೆ ಒಂದು ಸಂಶೋಧನಾ ಸಂಸ್ಥೆಯವರು ಚಿಂಚೋಳಿ ಭಾಗದ ಕನ್ನಡದ ದನಿ ಬೇಕೆಂದು ಪತ್ರ ಬರೆದರು. ಠರಾವಿನ ಪ್ರತಿಯನ್ನು ಕಳಿಸಿದೆವು. ಉದ್ದೇಶ, ಅವಧಿ, ಗೌರವಧನ ಎಲ್ಲವನ್ನೂ ಒಪ್ಪಿ, ‘ಹಿಂದಕ್ಕೆ ಪಡೆಯುವ’ ಸಾಲನ್ನು ಮಾತ್ರ ಸಡಿಲಿಸಲು ಸಾಧ್ಯವೇ ಎಂದು ಕೇಳಿದ್ದಾರೆ. ತರಬೇತಿ ಶುರುವಾಗುವ ತನಕ ಹಿಂದಕ್ಕೆ ಪಡೆಯಬಹುದು, ಆಮೇಲೆ ಆಗದು ಎಂಬುದು ಅವರ ಪ್ರಸ್ತಾವ. ಬೇಸಾಯದ ಮಾತುಗಳಿಗೆ ಮಾತ್ರ ಒಪ್ಪಬಹುದು ಎನ್ನುವವರೂ, ಒಂದು ಸಲ ಸಡಿಲಿಸಿದರೆ ಮುಂದಿನವರಿಗೂ ಸಡಿಲಿಸಬೇಕಾಗುತ್ತದೆ ಎನ್ನುವವರೂ ಒಕ್ಕೂಟದಲ್ಲಿ ಸಮಸಮ ಇದ್ದಾರೆ. ಮುಂದಿನ ಸಭೆಯ ಅಜೆಂಡಾದಲ್ಲಿ ಅದು ಎರಡನೆಯ ವಿಷಯ. ಮೊದಲನೆಯದು ಭವನದ ಮೇಲಿನ ಬ್ಯಾಟರಿ ಬದಲಿಸಲು ಪ್ರತಿ ಸಂಘ ಎಷ್ಟು ವಂತಿಗೆ ಕೊಡಬೇಕೆಂಬುದು.